ಚೀಟ್ಯಾಗ ಹೈಲುರೊನಿಡೇಸ್ ಅಂತ ಬರ್ದಾರ, ಈಗ ನಾವೇನ್ ಮಾಡ್ಬೇಕು?

"ಅಣ್ಣಾ, ಇದ್ರಾಗ ಏನೂ ಇಲ್ಲಲ್ಲ, ಖಾಲಿ ಬಾಟ್ಲಿ ಕೊಟ್ಟೀರಿ." ಆಗೀಗ ಒಬ್ಬರು ನನ್ನ ಕೌಂಟರ್ ಮುಂದ ನಿಂತು ಹಿಂಗ ಜಗಳಾ ತೆಗೀತಾರ. ಕಲಬುರಗ್ಯಾಗ ದವಾಖಾನಿ ಎದುರಿಗಿ ಮೆಡಿಕಲ್ ನಂದು, ಆಳಂದ, ಜೇವರ್ಗಿ, ಸೇಡಂ ಕಡಿಯಿಂದ ಬಂದೋರೇ ಜಾಸ್ತಿ, ಬಸ್ ಇಳ್ದು ಬಿಸಲಾಗ ನಡ್ಕೊಂತ ಬಂದಿರ್ತಾರ, ರೊಕ್ಕ ಕೊಟ್ಟು ಖಾಲಿ ಬಾಟ್ಲಿ ಒಯ್ಯೋದಂದ್ರ ಸಿಟ್ಟು ಬರೋದೇ. ಆಗ ಆ ಬಾಟ್ಲಿ ಟ್ಯೂಬ್‌ಲೈಟ್ ಕಡಿ ಎತ್ತಿ ಹಿಡ್ದು ತೋರಿಸ್ತೀನಿ. ತಳದಾಗ ಬಿಳಿ ಪುಡಿ, ಒಂದ್ ಚಿಟಿಕಿ ಸೈತ ಇರಲ್ಲ, ಗಾಜಿಗಿ ಅಂಟ್ಕೊಂಡಿರ್ತದ ಅಷ್ಟ. ಮ್ಯಾಲ 1500 ಯೂನಿಟ್ ಅಂತ ಬರ್ದಿರ್ತದ. ಅದೇ ಹೈಲುರೊನಿಡೇಸ್. ನೀರು ಹಾಕಿ ಕರಗಿಸಿ ಕೊಡೋ ಎಂಜೈಮ್, ಅಂದ್ರ ಮೈಯಾಗಿನ ವಸ್ತು ಒಡಿಯೋ ಒಂದ್ ನಮೂನಿ ಪ್ರೋಟೀನ್.

ಇದರ ಬಗ್ಗೆ ಎಲ್ಲಾರಿಗೂ ಕೌಂಟರ್‌ನ್ಯಾಗ ನಿಂತು ಹೇಳಿ ಹೇಳಿ ಸಾಕಾಗ್ಯದ, ಹಿಂದ ಸಾಲಿನ್ಯಾಗ ನಿಂತೋರು ಬೈತಾರ, ಅದಕ್ಕ ಒಂದ್ಸಲ ಪೂರಾ ಬರ್ದು ಹಾಕ್ತೀನಿ. ನಾ ಡಾಕ್ಟರ್ ಅಲ್ಲ ಫಾರ್ಮಸಿಸ್ಟ್, ಆದ್ರ ಈ ಸೂಜಿ ನಾನೂ ಚುಚ್ಚಿಸ್ಕೊಂಡೀನಿ, ಆ ಕಥಿ ಮುಂದ ಬರ್ತದ.

ಮೊದಲ, ಇದು ಮಾಡೋದೇನು

ಬೆಂಡಿಕಾಯಿ ಹೆಚ್ಚಿದಾಗ ಕೈಗಿ ಲೋಳಿ ಹತ್ತತದಲ್ಲ, ಹಂಗ ನಮ್ಮ ಚರ್ಮದ ಕೆಳಗ ಜೀವಕೋಶದ ನಡುನಡುವ ಒಂದ್ ಲೋಳಿ ತುಂಬಿರ್ತದ, ಹೈಲುರಾನಿಕ್ ಆಸಿಡ್ ಅಂತ ಹೆಸರು. 70 ಕೆಜಿ ಮನುಷ್ಯಾನ ಮೈಯಾಗ ಅದು ಸುಮಾರು 15 ಗ್ರಾಂ ಇರ್ತದ, ಅದ್ರಾಗ ಮೂರನೇ ಒಂದ್ ಪಾಲು ದಿನಾ ಹಳೇದು ಹೋಗಿ ಹೊಸದು ಬರ್ತದ. ಆ ಲೋಳಿ ಇರೋದ್ರಿಂದಾನೇ ಚರ್ಮದ ಕೆಳಗ ಔಷಧ ಚುಚ್ಚಿದ್ರ ಅದು ಅಲ್ಲೇ ಗಡ್ಡಿ ಕಟ್ಟಿ ಕೂಡ್ತದ, ನಮ್ಮ ಎರಿ ಹೊಲದಾಗ ಮಳಿ ನೀರು ನಿಂತಂಗ. ಹೈಲುರೊನಿಡೇಸ್ ಆ ಲೋಳೀನ ಕತ್ತರಿಸಿ ಸಡಿಲ ಮಾಡ್ತದ, ಸಂಗಟ ಹಾಕಿದ ಔಷಧ ಲಗೂನೇ ಹರಡ್ತದ. ಒಂದೆರಡ್ ದಿನದಾಗ ಲೋಳಿ ಮತ್ತ ಮೊದಲಿನಂಗ ಆಗ್ತದ, ಅದಕ್ಕ ಕಾಯಂ ಏನರ ಹಾಳಾಗ್ತದೇನೋ ಅಂತ ಹೆದರಬ್ಯಾಡ್ರಿ.

ಅಂದ್ರ ಇದು ತಾನೇ ಬ್ಯಾನಿ ವಾಸಿ ಮಾಡೋ ಔಷಧ ಅಲ್ಲ, ದಾರಿ ಬಿಡಿಸಿ ಕೊಡೋದು. ಎಷ್ಟೋ ಮಂದಿ "ಆ ಪವರ್ ಇಂಜೆಕ್ಷನ್ ನಮ್ಮ ಮಾವಗೂ ಕೊಡ್ರಿ" ಅಂತ ಬರ್ತಾರ. ಪವರ್ ಇದ್ರಾಗ ಇಲ್ರೀ, ಸಂಗಟ ಹೋಗೋ ಔಷಧದಾಗ ಅದ.

1928ರಾಗ ಡುರಾನ್-ರೆನಾಲ್ಸ್ ಅನ್ನೋ ವಿಜ್ಞಾನಿ ಪ್ರಾಣಿಗಳ ಬೀಜದ (ವೃಷಣದ) ರಸ ತೆಗ್ದು ನೋಡಿದ, ಅದು ಕಲಿಸಿದ್ರ ವೈರಸ್ ಚರ್ಮದಾಗ ಭಾಳ ದೂರ ಹರಡ್ತಿತ್ತು. ಹರಡಿಸೋ ಅಂಶ ಅಂತ ಹೆಸರು ಬಿತ್ತು. 1934ರಾಗ ಕಾರ್ಲ್ ಮೇಯರ್ ಆಕಳ ಕಣ್ಣಿನ ಗುಡ್ಡಿ ಒಳಗಿನ ಲೋಳಿಯಿಂದ ಹೈಲುರಾನಿಕ್ ಆಸಿಡ್ ತೆಗ್ದ, ಆ ಹರಡಿಸೋ ಅಂಶ ಅಂದ್ರ ಈ ಆಸಿಡ್ ಕತ್ತರಿಸೋ ಎಂಜೈಮೇ ಅಂತ ಗೊತ್ತಾಗಿದ್ದು 1940ರ ಸುಮಾರಿಗಿ. ಇಂದಿಗೂ ಎಷ್ಟೋ ಬ್ರ್ಯಾಂಡ್ ಕುರಿ ಇಲ್ಲಾ ಹೋರಿ ಬೀಜದಿಂದ ತೆಗ್ದಿದ್ದೇ, ಇನ್ನೊಂದು ಮನುಷ್ಯರ ಎಂಜೈಮ್‌ದ ನಕಲು ಲ್ಯಾಬ್‌ದಾಗ ತಯಾರ್ ಮಾಡಿದ್ದು, ಅದಕ್ಕ ಅಮೆರಿಕದಾಗ 2005ಕ್ಕ ಪರವಾನಗಿ ಸಿಕ್ತು. ಹಾವಿನ ವಿಷದಾಗ, ಜೇನ್ನೊಣದ ಮುಳ್ಳಿನ್ಯಾಗ ಸೈತ ಇದೇ ನಮೂನಿ ಎಂಜೈಮ್ ಇರ್ತದ, ವಿಷ ಹರಡ್ಲಿ ಅಂತ. ಅದಕ್ಕ ತೊಗರಿ ಹೊಲದಾಗ ಹಾವು ಕಡದ್ರ, ಇಲ್ಲಾ ಹುಳ ಕಡ್ದು ಬಾವು ಬಂದ್ರ ಈ ಸೂಜಿ ಕೇಳ್ಕೊಂತ ಬರಬ್ಯಾಡ್ರಿ, ಉಲ್ಟಾ ಆಗ್ತದ. ಹಾವಿಗಿ ದವಾಖಾನ್ಯಾಗ ಹಾವಿನ ವಿಷ ಇಳಸೋ ಇಂಜೆಕ್ಷನ್ನೇ ಬೇಕು.

ಚೀಟಿ ಕೈಗಿ ಬಂದ ಕೂಡ್ಲೇ

ಡಾಕ್ಟರ್ ಸಾಹೇಬ್ರಿಗಿ ಒಂದ್ ಮಾತು ಕೇಳ್ರಿ, "ಸರ್, ಇದ್ರ ಸಂಗಟ ಏನ್ ಕೊಡ್ತೀರಿ, ಎಲ್ಲಿ ಚುಚ್ತೀರಿ?" ಇಷ್ಟು ಗೊತ್ತಾದ್ರ ನಿಮ್ಮ ಕೇಸ್ ಯಾವುದು ಅಂತ ತಿಳೀತದ, ಕೆಳಗ ಅದನ್ನೇ ಓದ್ರಿ, ಉಳಿದದ್ದು ಬಿಟ್ರೂ ನಡೀತದ.

ಆಮ್ಯಾಲ ನೀವು ಕೇಳದಿದ್ರೂ ಹೇಳಬೇಕಾದ್ದು ಅದ. ಜೇನ್ನೊಣ ಕಡ್ದಾಗ ಮೈಯೆಲ್ಲ ಬಾತು ಉಸಿರು ಕಟ್ಟಿದ್ದು ಯಾವಾಗರ ಆಗಿದ್ರ ಹೇಳ್ರಿ. ಹಿಂದ ಈ ಸೂಜಿ ಆಗಿದ್ರ, ಆಗ ಕಜ್ಜಿ, ಬಾವು ಬಂದಿದ್ರ ಅದನ್ನೂ ಹೇಳ್ರಿ. ದಿನಾ ನುಂಗೋ ಗುಳಿಗಿ ಪಟ್ಟಿ ತೋರಿಸ್ರಿ, ಸ್ಟೆರಾಯ್ಡ್, ದೊಡ್ಡ ಡೋಸಿನ ಆಸ್ಪಿರಿನ್, ಅಲರ್ಜಿ ಗುಳಿಗಿ, ಹೆಣ್ಮಕ್ಕಳ ಹಾರ್ಮೋನ್ ಗುಳಿಗಿ ಇವೆಲ್ಲಾ ಜಾಸ್ತಿ ನಡದಿದ್ರ ಎಂಜೈಮ್ ಅಷ್ಟು ಕೆಲಸ ಮಾಡಲ್ಲ. ಚುಚ್ಚೋ ಜಾಗದಾಗ ಕೀವು, ಕೆಂಪು ಬಾವು, ಇಲ್ಲಾ ಕ್ಯಾನ್ಸರ್ ಗಂಟು ಇದ್ರ ಅಲ್ಲಿ ಚುಚ್ಚಂಗೇ ಇಲ್ಲ, ಯಾಕಂದ್ರ ಅದನ್ನೂ ಹರಡಿಸೋ ಹೆದರಿಕಿ ಇರ್ತದ. ನರದಾಗಂತೂ ಕೊಡಲ್ಲ, ರಕ್ತದಾಗ ಹೋದ ಕೂಡ್ಲೇ ಬರಬಾದ್ ಆಗಿಬಿಡ್ತದ.

ಕಣ್ಣಿನ ಆಪರೇಷನ್‌ಕ್ಕ ಬರ್ದಿದ್ರ

ನಮ್ಮ ಕಡಿ ಈ ಬಾಟ್ಲಿ ಜಾಸ್ತಿ ಹೋಗೋದು ಮೋತಿಬಿಂದಕ್ಕ, ಅಂದ್ರ ಕಣ್ಣಿನ ಪೊರಿಗಿ. ಕಣ್ಣಿನ ಸುತ್ತ ಬಧಿರ ಮಾಡೋ, ಅಂದ್ರ ಜೋಮು ಹಿಡಿಸೋ ಸೂಜಿ ಹಾಕ್ತಾರಲ್ಲ, ಆ ಲಿಗ್ನೊಕೇನ್, ಬುಪಿವಕೇನ್ ಸಂಗಟ ಇದನ್ನ ಕಲಸ್ತಾರ. 30 ಮಿಲಿ ಬಾಟ್ಲ್ಯಾಗ ಒಂದು 1500 ಯೂನಿಟ್ ಕಲಿಸಿದ್ರ ಒಂದ್ ಮಿಲಿಗಿ 50 ಯೂನಿಟ್ ಆಯ್ತು, ಭಾಳ ಕಡಿ ಹಿಂಗೇ ನಡೀತದ, ಪ್ರಮಾಣ ಡಾಕ್ಟರ್ ಡಾಕ್ಟರ್‌ಗ ಬ್ಯಾರೆ ಇರ್ತದ. ಇದ್ರಿಂದ ಬಧಿರ ಲಗೂ ಹತ್ತತದ, ಕಣ್ಣ ಗುಡ್ಡಿ ತಿರಗೋದು ಪೂರಾ ನಿಲ್ತದ, ಔಷಧ ಒಂದೇ ಕಡಿ ನಿಂತು ಕಣ್ಣಿನ ಸ್ನಾಯು ಕೆಡೋದು ಕಡಿಮಿ ಆಗ್ತದ. ಈಗ ಬರೇ ಡ್ರಾಪ್ಸ್ ಹಾಕಿ ಆಪರೇಷನ್ ಮಾಡೋರು ಭಾಳ ಅದಾರ, ಅಂಥಲ್ಲಿ ಇದು ಬೇಕಾಗಲ್ಲ, ಬೇಕಾಗದಿದ್ರ "ನಮಗ್ಯಾಕ್ ಬರೀಲಿಲ್ಲ" ಅಂತ ಕೇಳಬ್ಯಾಡ್ರಿ.

ನಿಮ್ಮ ಕೆಲಸ ಎರಡೇ. ಸೂಜಿ ಆದ ಮ್ಯಾಲ ಕಣ್ಣು ಒತ್ತಿ ಹಿಡೀತಾರ, ಇಲ್ಲಾ ಮ್ಯಾಲ ಒಂದ್ ಸಣ್ಣ ಬಲೂನ್ ಕಟ್ತಾರ, ಆಗ ತಲಿ ಅಲುಗಾಡಿಸಬ್ಯಾಡ್ರಿ. ಮನಿಗಿ ಬಂದ ಮ್ಯಾಲ ಅದೇ ದಿನ ಇಲ್ಲಾ ಎರಡ್ಮೂರ್ ದಿನದಾಗ ಕಣ್ಣ ಸುತ್ತ ಬಾವು, ಕೆಂಪು, ನೋವು, ಗುಡ್ಡಿ ತಿರಗಸಾಕ ಆಗದಂಗ ಆದ್ರ ಅವತ್ತೇ ದವಾಖಾನಿಗಿ ಹೋಗ್ರಿ. ಅದು ಇನ್ಫೆಕ್ಷನ್ ಇರಬಹುದು, ಇಲ್ಲಾ ಹೈಲುರೊನಿಡೇಸ್ ಅಲರ್ಜಿನೂ ಇರಬಹುದು, ಎರಡೂ ನೋಡಾಕ ಒಂದೇ ನಮೂನಿ ಕಾಣ್ತಾವ, ಆದ್ರ ಔಷಧ ಬ್ಯಾರೆ. ಅಲರ್ಜಿ ಅಪರೂಪ, ಆದ್ರೂ ಮೊದಲನೇ ಕಣ್ಣಿಗಿಂತ ಎರಡನೇ ಕಣ್ಣಿನ ಆಪರೇಷನ್‌ದಾಗ ಬರೋದಕ್ಕ ಚಾನ್ಸ್ ಹೆಚ್ಚಿರ್ತದ, ಯಾಕಂದ್ರ ಮೊದಲನೇ ಸಲಾನೇ ಮೈಗಿ ಗುರ್ತು ಸಿಕ್ಕಿರ್ತದ. ನಮ್ಮ ಅವ್ವಂದು ಎರಡನೇ ಕಣ್ಣು ಮಾಡಿಸುವಾಗ ಮೊದಲನೇ ಕಣ್ಣಿನ ಡಿಸ್ಚಾರ್ಜ್ ಕಾರ್ಡ್ ಹುಡುಕಿ ಹುಡುಕಿ ಸಾಕಾಯ್ತು, ಆಕಿ ಜ್ವಾಳದ ಡಬ್ಬಿ ಕೆಳಗ ಹಾಸಿದ್ಳು. ಆ ಕಾರ್ಡ್ ಇಟ್ಕೋರಿ.

ಬಾಯಿ ಬಿಗಿದೋರಿಗಿ, ಅಂದ್ರ ನನಗ

ಗುಟ್ಕಾ ನಾನೂ ತಿಂತಿದ್ದೆ. 2013ರಾಗ ಕರ್ನಾಟಕದಾಗ ಗುಟ್ಕಾ ಬಂದ್ ಆಯ್ತಲ್ಲ, ಆಮ್ಯಾಲ ಪಾನ್ ಮಸಾಲಾ ಒಂದ್ ಚೀಟು, ತಂಬಾಕು ಒಂದ್ ಚೀಟು ಬ್ಯಾರೆ ಬ್ಯಾರೆ ಮಾರಾಕ ಚಾಲೂ ಮಾಡಿದ್ರು, ನಾವು ಎರಡೂ ಹರ್ದು ಅಂಗೈಯಾಗ ಕಲಿಸಿ ಹಾಕ್ಕೊಂಡ್ವಿ, ಬಂದ್ ಆಗಿದ್ದು ಹೆಸರಷ್ಟೇ. ಮೊದಲ ಗೊತ್ತಾಗಿದ್ದು ಮಿರ್ಚಿ ಭಜಿ ತಿನ್ನುವಾಗ, ಬಾಯಿ ಉರಿ ಉರಿ, ಎಲ್ಲಾರೂ ತಿಂತಾರ ನನಗಷ್ಟೇ ಕಣ್ಣಾಗ ನೀರು. ಆಮ್ಯಾಲ ಖಡಕ್ ರೊಟ್ಟಿ ಮುರ್ದು ಸಣ್ಣ ತುಂಡು ಮಾಡಿ ಒಳಗ ತೂರಬೇಕಾಯ್ತು. ಅಂಗಡಿಯಾಗ ಮೂರ್ ಬೆರಳು ನಿಲ್ಲಿಸಿ ಬಾಯಾಗ ಇಟ್ಟು ನೋಡ್ಕೊಂಡೆ, ಎರಡು ಹೋದ್ವು, ಮೂರನೇದು ಹೋಗಲಿಲ್ಲ.

ನೀವೂ ಈಗೇ ಮಾಡಿ ನೋಡ್ರಿ, ನಡುವಿನ ಮೂರ್ ಬೆರಳು ಒಂದ್ರ ಮ್ಯಾಲ ಒಂದ್ ಇಟ್ಟು ಮ್ಯಾಲಿನ, ಕೆಳಗಿನ ಮುಂದಿನ ಹಲ್ಲಿನ ನಡುವ. ಹೋಗದಿದ್ರ ಹಲ್ಲಿನ ದವಾಖಾನಿಗಿ ಹೋಗ್ರಿ, ಕಲಬುರಗ್ಯಾಗ ಡೆಂಟಲ್ ಕಾಲೇಜ್ ಅದ, ಹೈದರಾಬಾದ್, ಸೊಲ್ಲಾಪುರಕ್ಕ ಓಡೋದು ಬ್ಯಾಡ. ಈ ಬ್ಯಾನಿಗಿ ಓರಲ್ ಸಬ್‌ಮ್ಯುಕಸ್ ಫೈಬ್ರೋಸಿಸ್ ಅಂತಾರ. ಅಡಿಕಿಯಾಗಿನ ಅಂಶಕ್ಕ ಗಲ್ಲದ ಒಳಗಿನ ಪದರ ನಾರು ನಾರಾಗಿ ಬಿಗೀತದ, ತಂಬಾಕು ಇಲ್ಲದ ಬರೇ ಅಡಿಕಿ ತಿಂದ್ರೂ ಬರ್ತದ. "ನಾ ಬರೇ ಸುಪಾರಿ ತಿಂತೀನಿ" ಅಂತ ಎದಿ ಎತ್ತಿ ಹೇಳೋರಿಗಿ ಇದು ಗೊತ್ತಿರಲಿ. ಮುಂದ ಕ್ಯಾನ್ಸರ್ ಆಗೋ ಸಾಧ್ಯತಿ ಇರೋದು ಇದು.

ಹೆಂಗ್ ನಡೀತದ ಅಂದ್ರ, ಮೊದಲ ಸ್ಕೇಲ್ ಇಟ್ಟು ಹಲ್ಲಿನ ನಡುವಿನ ಅಂತರ ಮಿಲಿಮೀಟರ್‌ದಾಗ ಅಳೀತಾರ, ಸರಿ ಇದ್ದೋರದು 35ರಿಂದ 50 ಇರ್ತದ, ನಂದು 26 ಇತ್ತು. ಹೈಲುರೊನಿಡೇಸ್ 1500 ಯೂನಿಟ್, ಡೆಕ್ಸಾಮೆಥಾಸೋನ್ ಅನ್ನೋ ಸ್ಟೆರಾಯ್ಡ್, ಲಿಗ್ನೊಕೇನ್ ಒಂದೇ ಸಿರಿಂಜ್‌ನ್ಯಾಗ ಕಲಿಸಿ ಗಲ್ಲದ ಒಳಗ ಅಲ್ಲಲ್ಲಿ ತುಸು ತುಸು ಚುಚ್ಚತಾರ, ವಾರಕ್ಕ ಒಂದ್ಸಲ ಇಲ್ಲಾ ಎರಡ್ಸಲ, ಕೆಲವೊಂದ್ ವಾರ. ಎಂಜೈಮ್ ನಾರಿನ ನಡುವಿನ ಲೋಳಿ ಒಡದು ಸ್ಟೆರಾಯ್ಡ್‌ಗ ದಾರಿ ಮಾಡ್ತದ, ನಾರನ್ನೇ ಕರಗಸ್ತದ ಅಂತ ತಿಳ್ಕೋಬ್ಯಾಡ್ರಿ. ನೋವು ಇರ್ತದ್ರಿ, ಸುಳ್ಳು ಹೇಳಲ್ಲ, ಬಿಗಿದ ಗಲ್ಲದಾಗ ಸೂಜಿ ಹೋಗುವಾಗ ಹಳೇ ಚಪ್ಪಲಿ ಹೊಲ್ದಂಗ ಅನಸ್ತದ. ಸಕ್ಕರಿ ಬ್ಯಾನಿ ಇದ್ರ ಸ್ಟೆರಾಯ್ಡ್ ಸಲುವಾಗಿ ಮೊದಲೇ ಹೇಳ್ರಿ, ಶುಗರ್ ಏರ್ತದ.

ಸೂಜಿಗಿಂತ ಹೆಚ್ಚಿನ ಕೆಲಸ ಮನಿಯಾಗ ಅದ. ಐಸ್‌ಕ್ರೀಮ್ ಕಡ್ಡಿ ಒಂದ್ರ ಮ್ಯಾಲ ಒಂದ್ ಜೋಡಿಸಿ ಹಲ್ಲಿನ ನಡುವ ಇಟ್ಕೊಂಡು ದಿನಾ ಮೂರ್ನಾಕ್ ಸಲ ಕೂಡಬೇಕು, ಸಡಿಲ ಆದಂಗ ಇನ್ನೊಂದ್ ಕಡ್ಡಿ ತೂರಸ್ಬೇಕು. ನಾ ಗಿರಾಕಿ ಇಲ್ಲದಾಗ ಕೌಂಟರ್ ಹಿಂದ ಕುಂತು ಮಾಡ್ತಿದ್ದೆ, ಯಾರರ ಬಂದ್ರ ಬಾಯಾಗ ಕಡ್ಡಿ ಇಟ್ಕೊಂಡೇ ಬೆರಳಲೆ ರೇಟ್ ತೋರಿಸೋದು. ಸುಪಾರಿ ಬಿಡದೇ ಸೂಜಿ ಮಾಡಿಸ್ಕೊಂಡ್ರ ರೊಕ್ಕ ಭೀಮಾ ನದ್ಯಾಗ ಒಗದಂಗ. ನಂದು 26 ಇದ್ದಿದ್ದು 33ಕ್ಕ ಬಂತು, ಅಲ್ಲೇ ನಿಂತದ. ಭಾಳ ಬಿಗಿದೋರಿಗಿ, ಒಂದ್ ಬೆರಳೂ ಹೋಗದೋರಿಗಿ ಸೂಜಿ ಸಾಲಂಗಿಲ್ಲ, ಆಪರೇಷನ್ ಅಂತಾರ. ಬಿಳಿ, ಕೆಂಪು ಕಲಿ, ಎರಡ್ ವಾರ ಆದ್ರೂ ಮಾಯದ ಹುಣ್ಣು ಇದ್ರ ತುಂಡು ತೆಗ್ದು ಪರೀಕ್ಷಾ ಮಾಡಿಸಾಕ ಹಿಂದ ಮುಂದ ನೋಡಬ್ಯಾಡ್ರಿ.

ಸಲಾಯಿನ್ ಹೊರಗ ಹೋಗಿ ಕೈ ಬಾತ್ರ

ಇದು ಪೇಷಂಟ್ ಸಂಗಟ ಕೂಡೋರು ಓದಬೇಕಾದ್ದು, ಕ್ಯಾನ್ಸರ್‌ಕ್ಕ ಕಿಮೋ ಹಾಕಿಸೋರ ಮನಿ ಮಂದಿ ಅಂತೂ ತಪ್ಪದೇ. ನರದಾಗ ಹೋಗಬೇಕಾದ ಔಷಧ ಸೂಜಿ ಜಾರಿ ಚರ್ಮದ ಕೆಳಗ ಹೋದ್ರ ಕೆಲವೊಂದು ಔಷಧ ಅಲ್ಲೇ ಸುಟ್ಟಂಗ ಮಾಡಿ ಗಾಯ ಮಾಡ್ತಾವ. ನೀವು ಮಾಡಬೇಕಾದ್ದು ಹಿಂಗ: ಪೇಷಂಟ್ "ಉರೀಲಾಕತ್ತದ" ಅಂದ ಕೂಡ್ಲೇ, ಬಾವು ಕಂಡ ಕೂಡ್ಲೇ ಡ್ರಿಪ್‌ನ ಗಾಲಿ ತಿರುವಿ ಬಂದ್ ಮಾಡಿ ಸಿಸ್ಟರ್‌ನ ಕರೀರಿ, ರಾತ್ರಿ ಎರಡ್ ಗಂಟಿ ಇದ್ರೂ ಕರೀರಿ. ಸೂಜಿ ಕಿತ್ತು ಒಗೀಬ್ಯಾಡ್ರಿ, ಅದೇ ಸೂಜಿಯಿಂದ ಒಳಗಿನ ಔಷಧ ವಾಪಸ್ ಜಗ್ಗತಾರ. ತಿಕ್ಕಬ್ಯಾಡ್ರಿ, ಎಣ್ಣಿ, ಸುಣ್ಣ, ಪೇಸ್ಟ್ ಹಚ್ಚಬ್ಯಾಡ್ರಿ. ಬಾವಿನ ಸುತ್ತ ಪೆನ್ನಲೆ ಗೆರಿ ಹೊಡೀರಿ, ಹರಡ್ಲಾಕತ್ತದೋ ಇಲ್ಲೋ ತಿಳೀತದ. ಕೈ ತಲಿದಿಂಬಿನ ಮ್ಯಾಲ ಎತ್ತಿ ಇಡ್ರಿ.

ಇಲ್ಲಿ ಹೈಲುರೊನಿಡೇಸ್ ಪಾತ್ರ ಔಷಧದ ಮ್ಯಾಲ ನಿಂತದ. ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಅನ್ನೋ ಕಿಮೋ ಔಷಧ ಸೋರಿದ್ರ ಬಾವಿನ ಅಂಚಿಗುಂಟ ಇದನ್ನ ಸಣ್ಣ ಸೂಜಿಯಿಂದ ನಾಕೈದ್ ಕಡಿ ಚುಚ್ಚತಾರ, ಮ್ಯಾಲ ಬಿಸಿ ಶಾಖ ಕೊಡ್ತಾರ, ಔಷಧ ಒಂದೇ ಕಡಿ ನಿಂತು ಸುಡೋ ಬದಲಿ ಹರಡಿ ತೆಳ್ಳಗಾಗಿ ಹೀರಿ ಹೋಗ್ಲಿ ಅಂತ. ಒಂದ್ ತಾಸಿನೊಳಗ ಆದ್ರ ಛಲೋ. ಖರೇ, ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಸೋರಿದ್ರ ಇದು ಬ್ಯಾಡ, ಅದಕ್ಕ ತಣ್ಣನ ಐಸ್ ಮತ್ತ ಬ್ಯಾರೆ ಔಷಧ. ನೋಡ್ರಿ, ಒಂದಕ್ಕ ಬಿಸಿ, ಒಂದಕ್ಕ ತಂಪು, ಅದಕ್ಕ ಪಕ್ಕದ ಬೆಡ್‌ನೋರು ಹೇಳಿದ್ದು ಕೇಳಿ ಬಿಸಿನೀರಿನ ಬ್ಯಾಗ್ ಇಡಬ್ಯಾಡ್ರಿ, ಯಾವ ಔಷಧ ಸೋರ್ಯದ ಅಂತ ಸಿಸ್ಟರ್ ಹೇಳೋತನಕ ತಡೀರಿ. ಐಸಿಯುದಾಗ ಬಿಪಿ ಏರಿಸಾಕ ಹಾಕೋ ಡೋಪಮೈನ್, ನಾರ್‌ಅಡ್ರಿನಲಿನ್ ಸೋರಿದ್ರೂ ಇದು ಹಾಕಲ್ಲ, ಅದಕ್ಕ ಫೆಂಟೊಲಮೈನ್ ಅಂತ ಬ್ಯಾರೆ ಅದ. ಬರೇ ಸಲಾಯಿನ್ ಹೋಗಿ ಬಾತಿದ್ರ ಕೈ ಎತ್ತಿ ಇಟ್ರ ತಾನೇ ಇಳೀತದ.

ನಮ್ಮ ತಂಗಿಗಿ ಒಂದ್ ದವಾಖಾನ್ಯಾಗ ಕ್ಯಾಲ್ಸಿಯಂ ಹಾಕುವಾಗ ಹಿಂಗೇ ಸೋರ್ತು, ಆಕಿ ಉರೀತದ ಅಂದ್ರೂ "ಸ್ವಲ್ಪ ಉರೀತದಮ್ಮ, ತಡ್ಕೋ" ಅಂದ್ರು, ನಾನೂ ಅಲ್ಲೇ ನಿಂತಿದ್ದೆ, ಗೊತ್ತಿದ್ದೂ ಬಾಯಿ ಬಿಡಲಿಲ್ಲ, ದೊಡ್ಡೋರಿಗಿ ಎದುರಾಡೋದ್ ಹೆಂಗ ಅಂತ. ಮುಂಗೈ ಮ್ಯಾಲ ಇಂದಿಗೂ ಎಂಟಾಣೆ ಅಗಲದ ಕಲಿ ಅದ. ಕ್ಯಾಲ್ಸಿಯಂ ಸೋರಿದಾಗೂ ಈ ಎಂಜೈಮ್ ಕೊಡೋದು ಅದ, ವ್ಯಾಳ್ಯಾ ಮೀರೋದ್ರೊಳಗ ಕೇಳಬೇಕಷ್ಟೇ.

ಉಳಿದವು

ಕ್ಯಾನ್ಸರ್‌ದ ಕೆಲವೊಂದು ಇಂಜೆಕ್ಷನ್‌ದಾಗ ಈ ಎಂಜೈಮ್ ಮೊದಲೇ ಕಲಿಸಿ ಬರ್ತದ. ಎಂಜೈಮ್ ಇಲ್ಲದ ಚರ್ಮದ ಕೆಳಗ ಒಂದೇ ಸಲಕ್ಕ ಒಂದೆರಡ್ ಮಿಲಿಗಿಂತ ಜಾಸ್ತಿ ಹಾಕೋದು ಕಷ್ಟ, ಆದ್ರ ಇದು ಕಲಿಸಿದ್ದಕ್ಕ ಟ್ರಾಸ್ಟುಜುಮ್ಯಾಬ್ 600 ಮಿಲಿಗ್ರಾಂ ಇರೋ 5 ಮಿಲಿ ತೊಡಿಯಾಗ 2ರಿಂದ 5 ನಿಮಿಷದಾಗ ಹೋಗ್ತದ, ಅದೇ ನರದಾಗ ಆದ್ರ ಮೊದಲನೇ ಸಲ 90 ನಿಮಿಷ, ಆಮ್ಯಾಲ 30. ಡರಾಟುಮುಮ್ಯಾಬ್‌ದು 15 ಮಿಲಿ ಹೊಟ್ಟಿ ಮ್ಯಾಲ 3ರಿಂದ 5 ನಿಮಿಷ. ಮೂರ್ ವಾರಕ್ಕೊಮ್ಮಿ ಯಾದಗಿರಿಯಿಂದ ಬಂದು ಹೋಗೋರಿಗಿ ಇದು ಸಣ್ಣ ಮಾತಲ್ಲ, ಸಂಜಿ ಬಸ್ ಸಿಗ್ತದ. ಆದ್ರ ನರದ್ದು, ಚರ್ಮದ್ದು ಬಾಟ್ಲಿ ಬ್ಯಾರೆ ಬ್ಯಾರೆ, ಅದಲ ಬದಲ ಆಗಬಾರ್ದು, ಡಬ್ಬಿ ಮ್ಯಾಲ ಓದಿ ನೋಡ್ರಿ. ಪ್ರತಿ ಸಲ ತೊಡಿ ಬದಲಿ ಮಾಡಿಸ್ರಿ. ಆಯುಷ್ಮಾನ್ ಕಾರ್ಡ್‌ನ್ಯಾಗ ಯಾವುದು ಬರ್ತದ ಅಂತ ಮೊದಲೇ ಕೌಂಟರ್‌ನ್ಯಾಗ ಕೇಳ್ರಿ, ಆಮ್ಯಾಲ ಬಿಲ್ ನೋಡಿ ಅಳೋದಕ್ಕಿಂತ.

ವಯಸ್ಸಾದೋರಿಗಿ ನರ ಸಿಗದಿದ್ರ ಹೊಟ್ಟಿ ಇಲ್ಲಾ ತೊಡಿ ಚರ್ಮದ ಕೆಳಗ ಸಲಾಯಿನ್ ಬಿಡೋ ಪದ್ಧತಿನೂ ಅದ, ನಿಮಿಷಕ್ಕ ಒಂದ್ ಮಿಲಿ ಆಸುಪಾಸು ನಿಧಾನ ಹೋಗ್ತದ, ಎಂಜೈಮ್ ಹಾಕಿದ್ರ ಬಾವು ಕಡಿಮಿ. ಬಿಸಲಿಗಿ ತಲಿ ತಿರಗಿ ಬಿದ್ದು ಎಚ್ಚರ ತಪ್ಪಿದೋರಿಗಿ ಇದು ಅಲ್ಲ, ಅವರಿಗಿ ನರಾನೇ ಬೇಕು.

ತುಟಿ, ಗಲ್ಲ ತುಂಬಿಸೋ ಫಿಲ್ಲರ್ ಮಾಡಿಸ್ಕೊಂಡೋರಿಗಿ ಒಂದೇ ಮಾತು: ಫಿಲ್ಲರ್ ಹೆಸರಿನ ಸ್ಟಿಕ್ಕರ್ ಇಸ್ಕೊಂಡು ಇಟ್ಕೋರಿ. ಹೈಲುರಾನಿಕ್ ಆಸಿಡ್‌ದು ಇದ್ರಷ್ಟೇ ಈ ಎಂಜೈಮ್ ಅದನ್ನ ಕರಗಸ್ತದ, ಬ್ಯಾರೆ ಫಿಲ್ಲರ್‌ಗ ನಡಿಯಲ್ಲ. ಮಾಡಿಸಿದ ಮ್ಯಾಲ ಚರ್ಮ ಬೆಳ್ಳಗ ಇಲ್ಲಾ ನೀಲಿ ಆಗಿ ನೋವು ಬಂದ್ರ, ಕಣ್ಣು ಮಂಜಾದ್ರ ನಾಳಿ ಅನಬ್ಯಾಡ್ರಿ, ಅವಾಗೇ ದವಾಖಾನಿಗಿ ಹೋಗ್ರಿ, ರಕ್ತದ ದಾರಿ ಮುಚ್ಚಿರಬಹುದು.

ಬಾಟ್ಲಿ ಒಯ್ಯೋದು

ಡಬ್ಬಿ ಮ್ಯಾಲ 2 ರಿಂದ 8 ಡಿಗ್ರಿ ಅಂತ ಬರ್ದಿದ್ರ ಫ್ರಿಜ್‌ನ್ಯಾಗೇ ಇಡಬೇಕು, ಕೆಲವು ಬ್ರ್ಯಾಂಡ್ 25ರ ಕೆಳಗ ಅಂತಾವ, ಕಲಬುರಗಿ ಬ್ಯಾಸಗಿಯಾಗ 25 ಅಂದ್ರೂ ಫ್ರಿಜ್ಜೇ, ಆದ್ರ ಬರ್ಫಿನ ಖಾನೇದಾಗ ಇಡಬ್ಯಾಡ್ರಿ. ಹೋದ ಏಪ್ರಿಲ್‌ದಾಗ ಒಬ್ಬ ಕಾಕಾ ಮುಂಜಾನಿ ಒಯ್ದು ಬೈಕಿನ ಡಿಕ್ಕಿಯಾಗ ಇಟ್ಟು, ಸೂಪರ್ ಮಾರ್ಕೆಟ್ ಕಡಿ ಬೀಜ ಗೊಬ್ಬರ ಕೆಲಸ ಮುಗಿಸಿ ಮಧ್ಯಾಹ್ನ ಮೂರಕ್ಕ ದವಾಖಾನಿಗಿ ಹೋದ್ರಂತ, ಬಾಟ್ಲಿ ಮುಟ್ಟಿದ್ರ ಚಹಾ ಕಪ್ಪಿನಂಗ ಬಿಸಿ, ಸಿಸ್ಟರ್ ವಾಪಸ್ ಕಳಿಸಿದ್ರು. ಇದು ಪ್ರೋಟೀನ್ ರೀ, ತತ್ತಿ ಬೆಂದಂಗ ಬೆಂದ್ರ ಕೆಲಸ ಮಾಡಲ್ಲ, ನೋಡಾಕ ಮಾತ್ರ ಅದೇ ಬಿಳಿ ಪುಡಿ. ಕರಗಿಸಿದ ಮ್ಯಾಲ ಅವಾಗೇ ಹಾಕಬೇಕು, ಉಳಿದದ್ದು ಮುಂದಿನ ವಾರಕ್ಕ ಅಂತ ಮನಿಗಿ ಒಯ್ಯೋದು ಬ್ಯಾಡ.

ಆ ಕಾಕಾ ಮತ್ತೊಂದ್ ತೊಗೊಂಡ್ರು. ಈ ಸಲ ಎದುರಿಗಿನ ಕೋಲ್ಡ್ರಿಂಕ್ಸ್ ಅಂಗಡಿಯಿಂದ ಬರ್ಫ್ ಇಸ್ಕೊಂಡು, ಮೊಮ್ಮಗಳ ಸಾಲಿ ಟಿಫಿನ್ ಡಬ್ಬಿಯಾಗ ಹಾಕಿ, ಬಾಟ್ಲಿನ ಬಟ್ಟ್ಯಾಗ ಸುತ್ತಿ ಮ್ಯಾಲ ಇಟ್ಕೊಂಡು, ಡಬ್ಬಿ ಎದಿಗಿ ಅವಚ್ಕೊಂಡು ರಸ್ತಾ ದಾಟಿ ಹೋದ್ರು.